ಕೆಂಪು ತುದಿಯ ಸರಳು

ಮಾಯಾಂಗಾನ್ ಬಂದರಿನ ಹಿಂದಿನ ಓಣಿಯಲ್ಲಿರುವ ಆ ಲೇತ್ ಅಂಗಡಿಯಲ್ಲಿ ಈಗ ಪ್ರತಿ ಉಕ್ಕಿನ ಸರಳಿನ ಎರಡೂ ತುದಿಗೆ ಒಂದೊಂದು ಅಂಕಿ ಇರುತ್ತದೆ. ಪಂಚು ಇಟ್ಟು ಸುತ್ತಿಗೆಯಿಂದ ಹೊಡೆದ ಅಂಕಿ, ಉಜ್ಜಿದರೂ ಹೋಗದು. ಬಣ್ಣವೂ ಉಂಟು, ಆದರೆ ಅದು ಹಳೆಯ ಅಭ್ಯಾಸ ಬಿಡಲಾಗದವರಿಗೆ. ಬಣ್ಣದ ಡಬ್ಬಿಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿವೆ, ಬೀಗದ ಕೈ ಕಸಿಯಾತಿಯ ಸೊಂಟದ ಚೀಲದಲ್ಲಿದೆ. ಅವರ ಗಂಡ ಪೊನಿದಿ ಬಣ್ಣ ಬೇಕೆಂದರೆ ಏಕೆ, ಎಲ್ಲಿಗೆ, ಎಷ್ಟು ಎಂದು ಹೇಳಿ ಪಡೆಯಬೇಕು.

ಕಸಿಯಾತಿಗೆ ಐವತ್ತಮೂರು. ಗಿಡ್ಡ ಆಳು, ಅಗಲವಾದ ಮುಖ, ಎಡಗೈಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಸುಟ್ಟ ಚುಕ್ಕೆಗಳು. ಲೇತ್ ಮುಟ್ಟುವುದಿಲ್ಲ, ಅದು ಪೊನಿದಿಯ ಪಾಲು. ಅವರ ಜಾಗ ಬಾಗಿಲ ಪಕ್ಕದ ಗ್ರೈಂಡರ್. ಯಾವ ಗುಜರಿಯಿಂದ ಬಂದ ಯಾವ ಉಕ್ಕಿನ ತುಂಡಾದರೂ ಸರಿ, ತಿರುಗುವ ಕಲ್ಲಿಗೆ ಒಂದು ಗಳಿಗೆ ಹಿಡಿದು, ಹಾರುವ ಕಿಡಿ ನೋಡಿ, ಅದು ಯಾವ ಜಾತಿಯದು, ಯಾವುದಕ್ಕೆ ಆದೀತು, ಯಾವುದಕ್ಕೆ ಆಗದು ಎಂದು ಹೇಳುತ್ತಾರೆ. ಬಂದರಿನಲ್ಲಿ ದೋಣಿಯ ಎಂಜಿನ್ ಬಿಚ್ಚುವವರು, ಮೀನು ಕೊಯ್ಯುವ ಕತ್ತಿ ಮಾಡಿಸುವವರು, ಐಸು ಪುಡಿ ಮಾಡುವ ಯಂತ್ರದವರು ಎಲ್ಲರೂ ಮೊದಲು ಅವರ ಮುಂದೆ ತುಂಡು ಇಡುತ್ತಾರೆ.

ಈ ವಿದ್ಯೆ ಅವರಿಗೆ ಬಂದದ್ದು ಮಾವನಿಂದ. ಆತ ಸಕ್ಕರೆ ಕಾರ್ಖಾನೆಯ ಯಂತ್ರಶಾಲೆಯಲ್ಲಿ ಮೂವತ್ತು ವರ್ಷ ದುಡಿದು, ಆಮೇಲೆ ಈ ಅಂಗಡಿ ಇಟ್ಟವನು. ಹತ್ತೊಂಬತ್ತರ ಸೊಸೆ ಮನೆಗೆ ಬರುವ ಹೊತ್ತಿಗೆ ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಿಡಿ ಹಾರುವುದು ಗೊತ್ತಾಗುತ್ತಿತ್ತು, ಅದರ ಆಕಾರ ಕಾಣುತ್ತಿರಲಿಲ್ಲ. ಮಗನಿಗೆ ನಿಂತು ನೋಡುವ ತಾಳ್ಮೆ ಇಲ್ಲ. ಹಾಗಾಗಿ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಏನು ಕಾಣುತ್ತೆ ಹೇಳು’ ಎನ್ನುತ್ತಿದ್ದ. ಅವಳು ಕಂಡದ್ದನ್ನು ಹೇಳುತ್ತಿದ್ದಳು, ಅವನು ಹೆಸರು ಹೇಳುತ್ತಿದ್ದ.

ಉದ್ದಕ್ಕೆ ಒಣಹುಲ್ಲಿನ ಎಳೆ ಹಾರಿದ ಹಾಗೆ, ಅಲ್ಲೊಂದು ಇಲ್ಲೊಂದು ಕವಲು ಎಂದರೆ ಅದು ಮೆದು ಉಕ್ಕು. ಗೇಟು, ಕಿಟಕಿಯ ಸರಳು, ಬಾಗಿಲ ಕೀಲಿಗೆ. ಕಲ್ಲಿನ ಹತ್ತಿರವೇ ಸಿಡಿದು ಕಬ್ಬಿನ ಹೂವಿನ ಹಾಗೆ ತುಂಬಾ ನಕ್ಷತ್ರ ಒಡೆದರೆ ಗಟ್ಟಿ ಉಕ್ಕು, ಲಾರಿ ಪಟ್ಟಿಯದು. ಕುಡುಗೋಲಿಗೆ, ಮೀನು ಕತ್ತಿಗೆ. ಮಂಕು ಕೆಂಪು, ಗಿಡ್ಡ ಎಳೆ, ತುದಿಯಲ್ಲಿ ಸಣ್ಣ ಕುಚ್ಚು ಎಂದರೆ ಬೀಡು ಕಬ್ಬಿಣ. ಕೆಳಗೆ ಬಿದ್ದರೆ ಒಡೆಯುತ್ತೆ, ಗಾಲಿಗೆ ಹಾಕು, ಸುತ್ತಿಗೆಗೆ ಬೇಡ. ಕಿತ್ತಳೆ ಬಣ್ಣ, ಹೂವೇ ಇಲ್ಲ ಎಂದರೆ ಸ್ಟೇನ್‌ಲೆಸ್. ಎಳೆಯ ತುದಿ ತುಂಡಾಗಿ, ಮುಂದೆ ಸಣ್ಣ ಈಟಿಯ ಮೊನೆಯೊಂದು ತಾನೇ ಬೇರೆಯಾಗಿ ಹಾರಿದರೆ ಮಾವ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದನಂತೆ. ಅದು ಕ್ರೋಮು, ಮಾಲಿಬ್ಡಿನಮ್ ಬೆರೆತ ಉಕ್ಕು. ಭಾರವನ್ನೂ ತಡೆಯುತ್ತೆ, ಹೊಡೆತವನ್ನೂ ತಡೆಯುತ್ತೆ. ಶಾಫ್ಟಿಗೆ ಅದೇ ಬೇಕು.

ಕಣ್ಣಿಲ್ಲದವನಿಗೆ ವಿವರಿಸಿ ವಿವರಿಸಿ ಕಲಿತ ವಿದ್ಯೆಯಾದ್ದರಿಂದ ಕಸಿಯಾತಿಗೆ ಈಗಲೂ ಕಿಡಿ ನೋಡುವಾಗ ಬಾಯಿ ಸುಮ್ಮನಿರುವುದಿಲ್ಲ. ‘ಹುಲ್ಲು, ಹುಲ್ಲು, ಕವಲು, ಹುಲ್ಲು’ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಅಯಸ್ಕಾಂತ ಹಿಡಿದು ಬರುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಅಯಸ್ಕಾಂತಕ್ಕೆ ಅಂಟದ್ದೆಲ್ಲ ಒಳ್ಳೆಯ ಸ್ಟೇನ್‌ಲೆಸ್ ಎಂದು ನಂಬಿ, ಸೀಗಡಿ ಹಿಟ್ಟು ರುಬ್ಬುವವನೊಬ್ಬ ಅಗ್ಗದ ತಪ್ಪಲೆ ಮಾಡಿಸಿ ಆರು ತಿಂಗಳಲ್ಲಿ ಉಪ್ಪಿಗೆ ತೂತು ಮಾಡಿಕೊಂಡಿದ್ದ. ‘ಅಯಸ್ಕಾಂತ ನಂಬೋನು ಹೆಣ್ಣು ನೋಡೋಕೆ ಹೋದ್ರೆ ಬಾಗಿಲು ನೋಡ್ಕೊಂಡು ಬರ್ತಾನೆ’ ಎನ್ನುತ್ತಾರೆ.

ಮೂವತ್ತಕ್ಕೂ ಹೆಚ್ಚು ವರ್ಷದಲ್ಲಿ ಅವರು ಯಾರಿಗೂ ‘ಗೊತ್ತಿಲ್ಲ’ ಎಂದು ಹೇಳಿದ್ದಿಲ್ಲ. ಅನುಮಾನ ಬಂದರೆ ಇನ್ನೊಮ್ಮೆ ಕಲ್ಲಿಗೆ ಹಿಡಿಯುತ್ತಿದ್ದರು, ನಾಳೆ ಬಾ ಎನ್ನುತ್ತಿದ್ದರು. ಹೇಳಿದ್ದು ಒಂದೇ ಸಲ, ಹೋದ ಆಗಸ್ಟಿನಲ್ಲಿ. ಅದೂ ರೇಡಿಯೋದಲ್ಲಿ, ಸಮುದ್ರದ ಮೇಲಿದ್ದ ಇಪ್ಪತ್ತು ದೋಣಿಗಳು ಕೇಳುವ ಹಾಗೆ.

ಅಂಗಡಿಯ ಕಟ್ಟುಪಾಡು ಮಾವನದು. ಕಿಡಿ ನೋಡಿ ಜಾತಿ ತಿಳಿದ ಮೇಲೆ ಸರಳಿನ ಒಂದು ತುದಿಗೆ ಬಣ್ಣ. ಮೆದು ಉಕ್ಕಿಗೆ ಬಿಳಿ, ಕ್ರೋಮಿನದಕ್ಕೆ ಕೆಂಪು, ನಡುವಿನದಕ್ಕೆ ನೀಲಿ, ಅಚ್ಚಿನ ಉಕ್ಕಿಗೆ ಹಳದಿ. ಬಣ್ಣದ ತುದಿ ಓಣಿಯ ಕಡೆಗೆ, ಬರೀ ತುದಿ ಅಂಗಡಿಯ ಒಳಕ್ಕೆ. ಕೊಯ್ಯುವುದು ಯಾವಾಗಲೂ ಬರೀ ತುದಿಯಿಂದ. ಬಣ್ಣದ ತುದಿ ಕಟ್ಟಕಡೆಗೆ, ಏಕೆಂದರೆ ಅದು ಹೋದರೆ ಸರಳಿನ ಹೆಸರೇ ಹೋಯಿತು. ಗರಗಸದ ಹತ್ತಿರ ನಿಂತ ಪೊನಿದಿಗೆ ಬಣ್ಣ ಕಾಣುವುದಿಲ್ಲ. ಅವನು ‘ಕೆಂಪು’ ಎಂದು ಕೂಗುತ್ತಾನೆ. ಹೊರಗೆ ಓಣಿಯಲ್ಲಿ ನಿಂತವರು, ಕಸಿಯಾತಿಯೋ ಕೆಲಸ ತಂದವರೋ, ಕೆಂಪು ತುದಿಯದನ್ನು ಒಳಕ್ಕೆ ತಳ್ಳುತ್ತಾರೆ.

ಆಗಸ್ಟ್ ಹದಿನೇಳರ ಸ್ವಾತಂತ್ರ್ಯ ದಿನಕ್ಕೆ ಮುಂಚೆ ಮಾಯಾಂಗಾನಿನಲ್ಲಿ ಬಣ್ಣ ಕಾಣದ ವಸ್ತು ಉಳಿಯುವುದಿಲ್ಲ. ಚರಂಡಿಯ ಅಂಚು, ದೀಪದ ಕಂಬ, ಹೂಕುಂಡ, ತೆಂಗಿನ ಬುಡ ಎಲ್ಲಕ್ಕೂ ಬಾವುಟದ ಕೆಂಪು ಬಿಳಿ. ಓಣಿ ಓಣಿಗೆ ಪಂದ್ಯ, ತೀರ್ಪುಗಾರರು ಬರುತ್ತಾರೆ. ಈ ಓಣಿಯ ಮುಖಂಡ ಪಾಕ್ ಸುಗೊಂದೊ, ನಿವೃತ್ತ ಅಂಚೆ ಗುಮಾಸ್ತ, ಹಿಂದಿನ ವರ್ಷ ನಾಲ್ಕನೆಯ ಜಾಗಕ್ಕೆ ಬಿದ್ದದ್ದನ್ನು ಮರೆತಿರಲಿಲ್ಲ. ಒಂಬತ್ತನೆಯ ತಾರೀಕಿನ ಭಾನುವಾರ ಓಣಿಯವರೆಲ್ಲ ಶ್ರಮದಾನಕ್ಕೆ ಇಳಿದರು. ಕಸಿಯಾತಿ ಊರಲ್ಲಿರಲಿಲ್ಲ. ಲುಮಾಜಾಂಗಿನಲ್ಲಿ ಅಕ್ಕನ ಕಣ್ಣಿನ ಆಪರೇಷನ್ ಇತ್ತು, ಶುಕ್ರವಾರವೇ ಹೋಗಿದ್ದರು. ಪೊನಿದಿ ಓಣಿಯ ಮೇಲ್ತುದಿಯಲ್ಲಿ ಮೊಣಕಾಲುದ್ದ ಚರಂಡಿಯಲ್ಲಿ ನಿಂತು ಕೆಸರು ಎತ್ತುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕೆಂಪು ಬಣ್ಣ ಮುಗಿಯಿತು. ‘ನಮ್ಮಂಗಡಿಯಲ್ಲಿದೆ, ತಗೊಳ್ಳಿ’ ಎಂದು ಅವನೇ ಕೈ ತೋರಿಸಿದ.

ಸುಗೊಂದೊ ಡಬ್ಬಿ ತೆಗೆದುಕೊಂಡ. ಹೊರಗೆ ಬರುವಾಗ ಕಂಡದ್ದು, ಓಣಿಗೆ ಮೂತಿ ಚಾಚಿದ್ದ ನೂರ ನಲವತ್ತು ಸರಳು. ಬಿಳಿ, ನೀಲಿ, ಹಳದಿ, ಕೆಂಪು, ಕ್ರಮವಿಲ್ಲದೆ. ಅವನದು ಅಂಚೆ ಚೀಟಿ ಅಂಟಿಸಿದ ಕೈ. ಸ್ಟೂಲು ಹಾಕಿ ಕುಳಿತು, ಒಂದು ಕೆಂಪು, ಒಂದು ಬಿಳಿ, ಒಂದು ಕೆಂಪು, ಒಂದು ಬಿಳಿ, ಸಂಜೆಯ ಬಾಂಗಿನ ಹೊತ್ತಿಗೆ ಅಷ್ಟನ್ನೂ ಮುಗಿಸಿದ. ಒಂದೂ ಸಾಲು ತಪ್ಪಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆರಕ್ಕೇ ಇಮ್ರೋನ್ ಅಂಗಡಿಗೆ ಓಡಿಬಂದ. ಕಸಿಯಾತಿಯ ಮಗಳು ಲಿಲಿಸಳ ಗಂಡ, ‘ಸ್ರಿ ಲುಮಿಂತು’ ದೋಣಿಯಲ್ಲಿ ಬಲೆ ಎಳೆಯುವ ವಿಂಚ್‌ನ ಪಕ್ಕ ನಿಲ್ಲುವವನು. ಹಗ್ಗ ಸುತ್ತುವ ಉರುಳೆಗೆ ಒಂದು ಮಾರು ದೂರದಲ್ಲಿ, ಕೈಯಲ್ಲಿ ಹಗ್ಗ ಹಿಡಿದು. ವಿಂಚ್‌ನ ಹಳೆಯ ಶಾಫ್ಟ್ ಸವೆದು ಹೋಗಿತ್ತು, ಮಧ್ಯಾಹ್ನ ದೋಣಿ ಹೊರಡಬೇಕು.

‘ಕೆಂಪು,’ ಎಂದ ಪೊನಿದಿ ಒಳಗಿನಿಂದ. ‘ನಾಲ್ಕು ಬೆರಳು ದಪ್ಪದ್ದು, ತುಂಡು ಸಾಕು.’

ಇಮ್ರೋನ್ ಹೊರಗೆ ಹೋಗಿ ಕೈಗೆ ಸಿಕ್ಕಿದ ಕೆಂಪು ತುದಿಯ ತುಂಡನ್ನು ತಳ್ಳಿದ. ಅವನು ಸಮುದ್ರದವನು. ಆ ಬಣ್ಣಕ್ಕೆ ಬಾವುಟದ ಅರ್ಥ ಬಿಟ್ಟು ಬೇರೆ ಅರ್ಥ ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತುಂಡು ಶಾಫ್ಟಿನ ಉದ್ದಕ್ಕೆ ಸ್ವಲ್ಪವೇ ಹೆಚ್ಚಿತ್ತು. ಪೊನಿದಿ ಕೊನೆಗೆ ಬಣ್ಣದ ತುದಿಯನ್ನು ಬಿಲ್ಲೆಯ ಹಾಗೆ ಕೊಯ್ದು ಗುಜರಿ ಡ್ರಮ್ಮಿಗೆ ಎಸೆದ. ಹತ್ತಕ್ಕೆ ಶಾಫ್ಟ್ ಸಿದ್ಧ, ಹನ್ನೆರಡಕ್ಕೆ ದೋಣಿ ಹೊರಟಿತು. ಮೂರಕ್ಕೆ ಗುಜರಿಯ ಬುಸಿರಿ ಗಾಡಿ ತಂದು ಡ್ರಮ್ಮನ್ನು ಖಾಲಿ ಮಾಡಿಕೊಂಡು ಹೋದ.

ಕಸಿಯಾತಿ ಮಂಗಳವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಇಳಿದರು. ಈ ಕಾಲದ ಜೋರು ಒಣಗಾಳಿ ಗೆಂಡಿಂಗ್ ಬೀಸುತ್ತಿತ್ತು, ಓಣಿಯ ತುಂಬ ಬಾವುಟದ ಮಾಲೆಗಳು ಪಟಪಟ ಅನ್ನುತ್ತಿದ್ದವು. ತಮ್ಮ ಅಂಗಡಿಯ ಮುಂದೆ ಬಂದು ನಿಂತು, ಸರಳುಗಳ ಸಾಲು ನೋಡಿ, ಮೊದಲು ನಕ್ಕರು. ಯಾರೋ ಇಷ್ಟು ಶ್ರದ್ಧೆಯಿಂದ ಮಾಡಿದ ತಪ್ಪನ್ನು ಅವರು ಕಂಡಿರಲಿಲ್ಲ. ಆಮೇಲೆ ಚೀಲ ಕೆಳಗಿಟ್ಟರು.

‘ಪಾಕ್,’ ಎಂದರು ಗಂಡನಿಗೆ, ಅಲ್ಲಿ ಹಿರಿಯ ಗಂಡಸರನ್ನೆಲ್ಲ ಕರೆಯುವ ಹಾಗೆ. ‘ನಾನು ಹೋದ ಮೇಲೆ ಏನೇನು ಕೊಯ್ದಿರಿ?’

‘ಶನಿವಾರ ಎರಡು ಮಾರಿದೆ. ನಿನ್ನೆ ಮಸೀದಿ ಗೇಟಿನ ತಿರುಗಣಿಗೆ ಒಂದು ಬಿಳಿ. ಇಮ್ರೋನ್ ದೋಣಿಗೆ ಒಂದು ಕೆಂಪು, ವಿಂಚ್ ಶಾಫ್ಟಿಗೆ. ಯಾಕೆ?’

‘ಭಾನುವಾರ ಆದ್ಮೇಲೆ ಹೊರಗೆ ಬಂದು ಈ ಸಾಲು ನೋಡಿದ್ರಾ?’

‘ಚೆನ್ನಾಗಿ ಕಾಣುತ್ತೆ ಅಂತ ಎಲ್ಲರೂ ಅಂದ್ರು. ನಾನು ಹಿಂದಿನ ಬಾಗಿಲಿಂದ ಬರ್ತೀನಿ, ಹಿಂದಿನ ಬಾಗಿಲಿಂದ ಹೋಗ್ತೀನಿ.’ ಪೊನಿದಿ ಹೊರಗೆ ಬಂದು ನೋಡಿದ. ನೋಡುತ್ತಾ ನೋಡುತ್ತಾ ಅವನ ಕೈ ತಲೆಯ ಟೋಪಿಗೆ ಹೋಯಿತು. ‘ಬಣ್ಣ ಕೊಟ್ಟೋನು ನಾನೇ,’ ಎಂದ.

‘ಸಿಪ್ಪೆ ಹೇಗೆ ಬಂತು?’

ಲೇತಿನ ಮುಂದೆ ಮೂವತ್ತೈದು ವರ್ಷ ನಿಂತವನಿಗೆ ಆ ಪ್ರಶ್ನೆಯ ಭಾರ ಗೊತ್ತು. ಕ್ರೋಮಿನ ಉಕ್ಕಿನ ಸಿಪ್ಪೆ ಬಿಗಿಯಾಗಿ ಸುತ್ತಿ ತುಂಡು ತುಂಡು ಬೀಳುತ್ತದೆ. ಮೆದುವಿನದು ಉದ್ದಕ್ಕೆ, ನೂಲಿನ ಹಾಗೆ.

‘ಉದ್ದುದ್ದ ಬಂತು. ಬೆಳಿಗ್ಗೆ ತಾನೇ ಹೊಸ ಟೂಲ್ ಹಾಕಿದ್ದೆ. ಟೂಲ್ ಹರಿತ ಇದೆ ಅಂದ್ಕೊಂಡೆ.’

‘ಟೂಲ್ ಹರಿತ ಇದ್ರೆ ಉಕ್ಕಿನ ಜಾತಿ ಕೆಡುತ್ತಾ?’

‘ಕೆಂಪು ಅಂದ್ಮೇಲೆ ಕೆಂಪೇ ಅಲ್ವಾ. ನೀನು ಬಳಿದದ್ದು.’

ಕಸಿಯಾತಿ ಸರಳಿನ ಸಾಲಿಗೆ ತಿರುಗಿದರು. ಆ ದಪ್ಪದ ತುಂಡು ಇನ್ನೆರಡು ಉಳಿದಿದ್ದವು. ಎರಡನ್ನೂ ಕಲ್ಲಿಗೆ ಹಿಡಿದರು. ಒಂದು ಹುಲ್ಲಿನ ಎಳೆ ಹಾರಿಸಿತು, ಇನ್ನೊಂದು ಈಟಿಯ ಮೊನೆ. ಅಂದರೆ ಏನೂ ತಿಳಿಯಲಿಲ್ಲ. ಹೋದದ್ದು ಯಾವುದು ಬೇಕಾದರೂ ಆಗಿರಬಹುದು. ಕೊಯ್ದ ತುಂಡಿನ ಬಿಲ್ಲೆಯೊಂದೇ ಸಾಕ್ಷಿ. ಕಸಿಯಾತಿ ಅಂಥ ಬಿಲ್ಲೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಪೊನಿದಿ ಇಡುವುದಿಲ್ಲ.

ಮೆದು ಉಕ್ಕಿನ ಶಾಫ್ಟ್ ಫಕ್ಕನೆ ಮುರಿಯುವುದಿಲ್ಲ. ಮೊದಲು ಬಾಗುತ್ತದೆ. ಅದೊಂದು ಒಳ್ಳೆಯ ಗುಣ, ನೆಲದ ಮೇಲಾದರೆ. ತುಂಬಿದ ಬಲೆ ನೀರಿನಲ್ಲಿ, ಅಲೆಯ ಮೇಲೆ ದೋಣಿ, ಉರುಳೆ ನಡುವೆ ಸಿಕ್ಕಿಕೊಂಡರೆ ಎಂಜಿನ್ ಮಾತ್ರ ತಿರುಗುತ್ತಲೇ ಇರುತ್ತದೆ. ಆಗ ಬಿಡುವುದು ಹಗ್ಗ. ತೋಳಿನ ದಪ್ಪದ ಒದ್ದೆ ಹಗ್ಗ ತುಂಡಾಗಿ ಹಿಂದಕ್ಕೆ ಬೀಸಿದರೆ ಮುಂದೆ ಇದ್ದವನ ಕೈಕಾಲು ಉಳಿಯುವುದಿಲ್ಲ. ಕಸಿಯಾತಿ ಹುಟ್ಟಿ ಬೆಳೆದದ್ದು ಬಂದರಿನಲ್ಲಿ, ಅಂಥ ಇಬ್ಬರನ್ನು ಕಂಡಿದ್ದಾರೆ.

ಹನ್ನೊಂದೂವರೆ. ಬಂದರಿನ ರೇಡಿಯೋ ಕೋಣೆಗೆ ದೋಣಿಗಳು ಕಿವಿ ಕೊಡುವುದು ದಿನಕ್ಕೆ ಮೂರು ಸಲ: ಬೆಳಿಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು. ಬುಸಿರಿಯ ಗುಜರಿ ಊರಾಚೆ ಇದೆ. ಅಲ್ಲಿಗೆ ಹೋಗಿ ಬಿಲ್ಲೆ ಹುಡುಕಿ ಬಂದರೆ ಹನ್ನೆರಡು ತಪ್ಪುತ್ತದೆ, ಹನ್ನೆರಡಕ್ಕೂ ನಾಲ್ಕಕ್ಕೂ ನಡುವೆ ದೋಣಿ ಒಮ್ಮೆಯಾದರೂ ಬಲೆ ಎಳೆಯುತ್ತದೆ. ಕಸಿಯಾತಿ ರೇಡಿಯೋ ಕೋಣೆಗೆ ಹೋದರು.

‘ಸ್ರಿ ಲುಮಿಂತು’ವಿನ ನಾವಿಕ ಹಾಜಿ ಮತ್ರಾವಿ ಮದುರಾ ದ್ವೀಪದ ಮೂಲದವನು, ಗಟ್ಟಿ ದನಿಯವನು. ಹನ್ನೆರಡು ದಾಟಿ ಐದು ನಿಮಿಷಕ್ಕೆ ಸಿಕ್ಕಿದ.

‘ಹಾಜಿ, ನಾನು ಕಸಿಯಾತಿ, ಲೇತ್ ಅಂಗಡಿ.’

‘ಹೇಳಿ ಬು,’ ಎಂದ, ಅಮ್ಮಾ ಎನ್ನುವ ಹಾಗೆ. ‘ಯಾರಾದ್ರೂ ತೀರ್ಕೊಂಡ್ರಾ?’

‘ಯಾರೂ ಇಲ್ಲ. ವಿಂಚ್ ನಿಲ್ಸಿ. ನಮ್ಮ ಶಾಫ್ಟ್ ಹಾಕಿದ ಮೇಲೆ ಎಷ್ಟು ಸಲ ಎಳೆದ್ರಿ?’

‘ಮೂರು ಸಲ. ಬಂಗುಡೆ ಚೆನ್ನಾಗಿ ಬೀಳ್ತಿದೆ. ಇನ್ನೊಂದು ಗಂಟೇಲಿ ನಾಲ್ಕನೇದು. ಯಾಕೆ, ಶಾಫ್ಟ್ ಕೆಟ್ಟದ್ದಾ?’

ಕಸಿಯಾತಿ ಗುಂಡಿ ಒತ್ತಿ ಹಿಡಿದರು. ಕೆಟ್ಟದ್ದು ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ಅವರ ಹೆಸರಿಗೆ ಏನೂ ಆಗುತ್ತಿರಲಿಲ್ಲ. ಆದರೆ ಕಿಡಿ ನೋಡದೆ ಒಂದು ಉಕ್ಕನ್ನು ಕೆಟ್ಟದ್ದು ಎಂದು ಅವರು ಯಾವತ್ತೂ ಹೇಳಿರಲಿಲ್ಲ.

‘ಗೊತ್ತಿಲ್ಲ,’ ಎಂದರು.

ಗುಂಡಿ ಬಿಟ್ಟರು. ಆಮೇಲೆ ಬೇರೆ ಯಾವುದೋ ದೋಣಿಯ ದನಿ ನಡುವೆ ತೂರಿತು. ‘ಬು ಕಸಿಯಾತಿಗೆ ಗೊತ್ತಿಲ್ವಂತೆ. ತಾರೀಕು ಬರ್ಕೊಳ್ರಪ್ಪ.’ ಇನ್ನೊಂದು ದೋಣಿಯಲ್ಲಿ ಯಾರೋ ನಕ್ಕರು.

‘ಬಾಯಿ ಮುಚ್ರೋ,’ ಎಂದ ಮತ್ರಾವಿ. ‘ಬು, ಗೊತ್ತಿಲ್ಲ ಅಂತ ಹೇಳೋಕೆ ರೇಡಿಯೋಗೆ ಬಂದ್ರಾ?’

‘ಹೂಂ. ಒಳ್ಳೇದು ಅಂತ ಗೊತ್ತಿದ್ದಿದ್ರೆ ಮನೇಲಿ ಕೂತು ಉಣ್ತಿದ್ದೆ. ಬಣ್ಣ ಅದಲು ಬದಲಾಗಿದೆ. ಶಾಫ್ಟ್ ಆಗೋ ಉಕ್ಕೋ, ಗೇಟು ಆಗೋ ಉಕ್ಕೋ, ನನಗೆ ಗೊತ್ತಿಲ್ಲ. ಗೊತ್ತಾಗೋ ತನಕ ಅದನ್ನ ತಿರುಗಿಸಬೇಡಿ.’

‘ಇಲ್ಲಿ ಹದಿನಾಲ್ಕು ಜನ ಇದ್ದಾರೆ. ಕೈಲಿ ಎಳೀಬೇಕಾಗುತ್ತೆ. ಬಯ್ಗುಳ ಎಲ್ಲಾ ನಿಮ್ಮ ಹೆಸರಿಗೆ ಬರುತ್ತೆ.’

‘ಬರ್ಲಿ ಹಾಜಿ. ನಾನೇ ಬಂದು ಒಂದೊಂದೂ ಕೇಳಿಸ್ಕೊಳ್ತೀನಿ.’

‘ಸರಿ,’ ಎಂದ ಮತ್ರಾವಿ. ‘ನೀವು ಗೊತ್ತಿಲ್ಲ ಅಂದದ್ದು ನಾನು ಇವತ್ತೇ ಕೇಳಿದ್ದು. ಅದಕ್ಕೇ ಭಯ ಆಗ್ತಿದೆ. ನಿಲ್ಲಿಸ್ತೀನಿ.’

ಆ ಮಾತು ಕೇಳಿದ ಮೇಲೆ ಬೆನ್ನಿನ ಮೇಲಿಂದ ಅರ್ಧ ಮೂಟೆ ಇಳಿದ ಹಾಗಾಯಿತು ಎನ್ನುತ್ತಾರೆ ಕಸಿಯಾತಿ. ಇಮ್ರೋನನಿಗೆ ಇನ್ನು ಏನೂ ಆಗದು. ಉಳಿದರ್ಧ ತಮ್ಮದು. ಬಿಲ್ಲೆ ಕೆಂಪು ಉಕ್ಕಿನದೇ ಆಗಿದ್ದರೆ, ಹದಿನಾಲ್ಕು ಜನರ ಅಂಗೈ ಸುಲಿಸಿದ ಹೆಂಗಸು ಎಂದು ಬಂದರು ವರ್ಷಗಟ್ಟಲೆ ಹೇಳುತ್ತದೆ. ಅದನ್ನು ಸಹಿಸಬಹುದು ಎಂದು ಅವರು ದಾರಿಯಲ್ಲೇ ತೀರ್ಮಾನಿಸಿದರು.

ಪೊನಿದಿ ಬೈಕಿನಲ್ಲಿ ಕೂರಿಸಿಕೊಂಡು ಬುಸಿರಿಯ ಗುಜರಿಗೆ ಕರೆದುಕೊಂಡು ಹೋದ. ಬುಸಿರಿ ತಗಡಿನ ಮಾಡಿನ ಕೆಳಗೆ ತಾಮ್ರದ ತಂತಿ ಸುಲಿಯುತ್ತಾ ಕುಳಿತಿದ್ದ.

‘ಬುಸಿರಿ, ನಿನ್ನೆ ನಮ್ಮ ಡ್ರಮ್ಮಿನಲ್ಲಿ ಕೆಂಪು ಮುಖದ ಬಿಲ್ಲೆ ಒಂದಿತ್ತಲ್ಲ?’

ಬುಸಿರಿ ತಂತಿ ಕೆಳಗಿಟ್ಟು, ಹಲ್ಲು ಕಾಣುವಷ್ಟು ನಕ್ಕ. ‘ಅದಕ್ಕೆ ಬಂದ್ರಾ? ನಾನೇ ತರೋಣ ಅಂತಿದ್ದೆ. ನಿಮ್ಮ ಕೆಂಪು ಅಂದ್ರೆ ನಾನು ಬೇರೆ ರಾಶಿಗೆ ಹಾಕ್ತೀನಿ, ಅದರ ಬೆಲೆ ಬೇರೆ. ಹಾಕೋಕೆ ಮುಂಚೆ ಸುಮ್ನೆ ಒಂದು ಸಲ ಕಲ್ಲಿಗೆ ಹಿಡಿದೆ. ಹಿಡಿದು ನನ್ನ ಹೆಂಡತೀನ ಕರೆದೆ. ನೋಡೇ, ಬು ಕಸಿಯಾತಿಗೆ ಕಣ್ಣು ಹೋಯ್ತು ಅಂದೆ.’

‘ಎಲ್ಲಿದೆ?’

ಬಿಲ್ಲೆ ಅವನ ತಕ್ಕಡಿಯ ಪಕ್ಕದಲ್ಲೇ ಇತ್ತು. ಕಸಿಯಾತಿ ಅದರ ಕೆಂಪು ಮುಖವನ್ನು ಉಗುರಿನಿಂದ ಕೆರೆದರು. ಎರಡು ದಿನದ ಬಣ್ಣ, ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಬಿಳಿ. ಅವರೇ ಬಳಿದ ಬಿಳಿ, ಅವರದೇ ಕುಂಚದ ಗೀರು.

ಅಷ್ಟು ಸಾಕಿತ್ತು. ಆದರೂ ಬುಸಿರಿಯ ಗ್ರೈಂಡರ್ ಚಾಲೂ ಮಾಡಿಸಿ ಕಲ್ಲಿಗೆ ಹಿಡಿದರು. ‘ಹುಲ್ಲು,’ ಎಂದರು. ‘ಹುಲ್ಲು, ಕವಲು, ಹುಲ್ಲು.’ ಪೊನಿದಿ ಹಿಂದೆ ನಿಂತು ನೋಡುತ್ತಿದ್ದ. ತಂದೆ ಬದುಕಿದ್ದಾಗ ನೋಡದ ಕಿಡಿಯನ್ನು ಅವನು ಆ ದಿನ ಸರಿಯಾಗಿ ನೋಡಿದ. ಈಗ ಹೊಸ ಸರಳು ಬಂದಾಗಲೆಲ್ಲ ಬಂದು ನಿಲ್ಲುತ್ತಾನೆ.

‘ಅಂದ್ರೆ ನಾನು ಮಾಡಿದ್ದು ಗೇಟಿನ ತಿರುಗಣಿ,’ ಎಂದ.

‘ಭಾರೀ ನುಣುಪಾದ ಗೇಟಿನ ತಿರುಗಣಿ,’ ಎಂದ ಬುಸಿರಿ. ‘ನುಣುಪಿಗೆ ಏನೂ ಹೇಳೋ ಹಾಗಿಲ್ಲ ಪಾಕ್.’

ಸಂಜೆ ನಾಲ್ಕಕ್ಕೆ ರೇಡಿಯೋ ಕೋಣೆಯ ಬಾಗಿಲಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಮಧ್ಯಾಹ್ನದ ಮಾತು ಆಗಲೇ ಮೀನು ಹರಾಜಿನ ಕಟ್ಟೆಯವರೆಗೂ ಹೋಗಿತ್ತು.

‘ಹಾಜಿ, ಈಗ ಗೊತ್ತು. ಮೆದು ಉಕ್ಕು. ಅದನ್ನ ಮುಟ್ಟಬೇಡಿ.’

‘ನಮಗೂ ಗೊತ್ತು,’ ಎಂದ ಮತ್ರಾವಿ. ‘ನಿಮ್ಮ ಮಾತು ಮುಗಿದ ಮೇಲೆ ನಿಮ್ಮಳಿಯ ಶಾಫ್ಟಿನ ಉದ್ದಕ್ಕೂ ದಾರ ಎಳೆದು ಹಿಡಿದ. ನಡುವೆ ಎರಡು ಬೆಂಕಿಕಡ್ಡಿ ತೂರುತ್ತೆ. ಮೂರೇ ಸಲಕ್ಕೆ ಹಾಗೆ. ಬೆಳಿಗ್ಗೆಯಿಂದ ಟೊಕ್ ಟೊಕ್ ಅಂತಿತ್ತು, ಬೇರಿಂಗ್ ಅಂದ್ಕೊಂಡಿದ್ವಿ. ನಾಲ್ಕನೇ ಬಲೆ ಕೈಲಿ ಎಳೆದ್ವಿ ಬು, ಇದೇ ಸಲ ದೊಡ್ಡ ಗುಂಪು ಬಿದ್ದಿತ್ತು. ಅದನ್ನ ಆ ಶಾಫ್ಟಿಗೆ ಕೊಟ್ಟಿದ್ರೆ... ಬಯ್ಗುಳ ವಾಪಸ್ಸು ತಗೊಂಡಿದ್ದೀವಿ. ಹಿಂದುಗಡೆ ಕಸ್ನಾನ್ ಒಬ್ಬ ಇನ್ನೂ ಬಯ್ತಿದ್ದಾನೆ. ಅವನು ಯಾವಾಗ್ಲೂ ಬಯ್ತಾನೆ.’

ಕಸಿಯಾತಿ ಗುಂಡಿ ಬಿಟ್ಟು ಹೊರಗೆ ಬಂದು ಬೆಂಚಿನ ಮೇಲೆ ಕುಳಿತರು. ಬೆಳಿಗ್ಗೆ ಲುಮಾಜಾಂಗಿನಲ್ಲಿ ಬಸ್ಸು ಹತ್ತುವ ಮುಂಚೆ ಒಂದು ಕರಿದ ಬಾಳೆಹಣ್ಣು ತಿಂದದ್ದು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂದು ಆಗ ನೆನಪಾಯಿತು. ಎದುರಿನ ಅಂಗಡಿಯಲ್ಲಿ ಅನ್ನ, ಸೊಪ್ಪು, ಕಡಲೆಬೀಜದ ಚಟ್ನಿ, ಹುದುಗಿಸಿದ ಸೋಯಾದ ಕರಿದ ತೆಂಪೆ ತರಿಸಿಕೊಂಡು ಉಂಡರು. ಇನ್ನೊಂದು ತಟ್ಟೆ ಹೇಳಿದರು. ಪೊನಿದಿ ಎದುರಿಗೆ ಕುಳಿತು ಸಿಹಿ ಚಹಾ ಕಲಕುತ್ತಲೇ ಇದ್ದ.

‘ಕುಡೀರಿ ಪಾಕ್. ಸಕ್ಕರೆ ಕರಗಿ ಅರ್ಧ ಗಂಟೆ ಆಯ್ತು.’

‘ನೀನು ಬಯ್ಯಲೇ ಇಲ್ಲ.’

‘ಉಣ್ತಿದ್ದೀನಿ. ತಡೀರಿ.’

ಆಮೇಲೂ ಬಯ್ಯಲಿಲ್ಲ. ಮನೆಗೆ ಹೋದಾಗ ಮಗಳು ಲಿಲಿಸ್ ಬಾಗಿಲಲ್ಲಿ ನಿಂತಿದ್ದಳು, ಯಾರೋ ಹೇಳಿದ್ದರು. ‘ನನಗ್ಯಾಕೆ ಹೇಳಲಿಲ್ಲ ಬು?’ ಎಂದು ಕೇಳಿದಳು.

‘ಹೇಳಿದ್ರೆ ಅಳ್ತಿದ್ದೆ. ನಿನ್ನ ಸಮಾಧಾನ ಮಾಡ್ತಾ ಕೂತಿದ್ರೆ ಹನ್ನೆರಡು ಗಂಟೆ ದಾಟ್ತಿತ್ತು. ಈಗ ಅಳು, ಈಗ ಹೊತ್ತಿದೆ.’

ಲಿಲಿಸ್ ಅಳುವುದರ ಬದಲು ನಕ್ಕಳು.

ಬುಧವಾರದಿಂದ ಕಸಿಯಾತಿ ಗ್ರೈಂಡರ್ ಮುಂದೆ ಕುಳಿತರು. ನೂರ ನಲವತ್ತರಲ್ಲಿ ಉಳಿದ ಪ್ರತಿಯೊಂದನ್ನೂ ಎಳೆದು, ಒಳತುದಿಯನ್ನು ಕಲ್ಲಿಗೆ ಹಿಡಿದು, ಹೆಸರು ಹೇಳಿದರು, ಪೊನಿದಿ ಅಂಕಿ ಹೊಡೆದ. ಎರಡು ದಿನದ ಕೆಲಸ. ಮೊದಲ ದಿನ ಹತ್ತರ ಹೊತ್ತಿಗೆ ಸುಗೊಂದೊ ಬಂದು ಬಾಗಿಲಲ್ಲೇ ನಿಂತ. ಇಸ್ತ್ರಿ ಮಾಡಿದ ಬಾಟಿಕ್ ಅಂಗಿ, ಕೈಯಲ್ಲಿ ಮಾವಿನ ಹಣ್ಣಿನ ಚೀಲ.

‘ಬು, ತಪ್ಪಾಯ್ತು. ಅದು ಲೆಕ್ಕದ ಬಣ್ಣ ಅಂತ ಗೊತ್ತಿರಲಿಲ್ಲ. ಸುಮ್ನೆ ಹಳೇ ಬಣ್ಣ ಅಂದ್ಕೊಂಡೆ.’

‘ಮೂವತ್ತು ವರ್ಷದಿಂದ ಎದುರು ಮನೇಲಿದ್ದೀರಿ ಪಾಕ್.’

‘ಅದೇ. ಮೂವತ್ತು ವರ್ಷದಿಂದ ಅಸಹ್ಯವಾಗಿ ಕಾಣ್ತಿತ್ತು.’ ಹೇಳಿಬಿಟ್ಟು ಅವನೇ ನಾಲಿಗೆ ಕಚ್ಚಿಕೊಂಡ. ‘ಒಂದು ಕೇಳ್ಲಾ? ಒರೆಸಿಬಿಡ್ತೀರಾ? ತೀರ್ಪುಗಾರರು ಶುಕ್ರವಾರ ಬರ್ತಾರೆ.’

ಪೊನಿದಿಗೆ ಸಿಟ್ಟು ಬಂತು. ಕಸಿಯಾತಿಗೆ ನಗು ಬಂತು. ದೋಣಿಯಲ್ಲಿ ಎಲ್ಲರೂ ಕ್ಷೇಮ, ಆ ವಾರ ಅವರಿಗೆ ಎಲ್ಲದಕ್ಕೂ ನಗು ಬರುತ್ತಿತ್ತು. ‘ಇರ್ಲಿ ಬಿಡಿ,’ ಎಂದರು. ‘ಅಂಕಿ ಹೊಡೆದ ಮೇಲೆ ಬಣ್ಣ ಯಾವುದಾದ್ರೇನು. ಹದಿನೆಂಟಕ್ಕೆ ನೀವೇ ಬಂದು ನಾನು ಹೇಳಿದ ಹಾಗೆ ಬಳೀಬೇಕು. ನಿಮ್ಮ ಕೈ ನೆಟ್ಟಗಿದೆ.’

ಓಣಿಗೆ ಎರಡನೆಯ ಬಹುಮಾನ ಬಂತು. ಹದಿನೆಂಟರ ಬೆಳಿಗ್ಗೆ ಸುಗೊಂದೊ ಸ್ಟೂಲು ಹಿಡಿದು ಬಂದ.

ಎಣಿಕೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಕ್ರೋಮಿನ ಉಕ್ಕಿನ ತುಂಡೊಂದು ಕಡಿಮೆ. ಕಸಿಯಾತಿ ಸ್ವಲ್ಪ ಯೋಚಿಸಿ, ಕೈಗ್ರೈಂಡರ್ ತೆಗೆದುಕೊಂಡು ಮಸೀದಿಗೆ ನಡೆದರು. ಸೋಮವಾರ ಕೂಡಿಸಿದ ಹೊಸ ಗೇಟಿನ ತಿರುಗಣಿಯ ಕೆಳತುದಿಯನ್ನು ಮೆಲ್ಲಗೆ ಮುಟ್ಟಿಸಿದರು. ಎಳೆಯ ಮುಂದೆ ಈಟಿಯ ಮೊನೆ ಬೇರೆಯಾಗಿ ಹಾರಿತು. ಬಿಳಿಯಾಗಿ ಬದಲಾದ ಕೆಂಪು ಸರಳು, ಸಮುದ್ರದಲ್ಲಿ ಬಲೆ ಎಳೆಯಬೇಕಾದದ್ದು, ಮಸೀದಿಯ ಗೇಟು ಹೊತ್ತು ನಿಂತಿತ್ತು.

‘ತೊಂದರೆಯೇನಾದ್ರೂ ಇದೆಯಾ ಬು?’ ಎಂದು ಮಸೀದಿ ನೋಡಿಕೊಳ್ಳುವ ಮುದುಕ ಕೇಳಿದ.

‘ಏನಿಲ್ಲ. ಇದು ಸವೆಯೋದನ್ನ ನಾವ್ಯಾರೂ ನೋಡಲ್ಲ.’

ಅದನ್ನು ಅಲ್ಲೇ ಬಿಟ್ಟರು. ಈಗಲೂ ಅಲ್ಲೇ ಇದೆ, ಹಾಯಾಗಿ ತಿರುಗುತ್ತಿದೆ.

‘ಸ್ರಿ ಲುಮಿಂತು’ ಶನಿವಾರ ಬೆಳಿಗ್ಗೆ ಬಂತು, ಹೇಳಿದ ದಿನಕ್ಕೇ, ಹದಿನಾಲ್ಕೂ ಜನ ಹತ್ತಿದ ಹಾಗೆಯೇ ಇಳಿದರು. ಕಟ್ಟೆಯ ಮೇಲೆ ಕಸಿಯಾತಿಯನ್ನು ಕಂಡು ಒಬ್ಬೊಬ್ಬನೂ ತನ್ನ ಅಂಗೈ ಎತ್ತಿ ತೋರಿಸುತ್ತಾ ನಡೆದ, ಮೆರವಣಿಗೆಯ ಹಾಗೆ. ಬೊಬ್ಬೆ ಒಡೆದು, ಉಪ್ಪು ನೀರಿಗೆ ಬಿಳಚಿ, ಬಟ್ಟೆ ಸುತ್ತಿದ ಕೈಗಳು. ಕಸಿಯಾತಿ ಪ್ರತಿಯೊಂದನ್ನೂ ನೋಡಿದರು. ಮಾತು ಕೊಟ್ಟಿದ್ದ ಹಾಗೆ ಕಸ್ನಾನನ ಬಯ್ಗುಳವನ್ನು ಪೂರ್ತಿ ನಿಂತು ಕೇಳಿದರು, ಚೆನ್ನಾಗಿತ್ತು ಎಂದರು.

ಇಮ್ರೋನ್ ಕೊನೆಗೆ ಬಂದ, ಹೆಗಲ ಮೇಲೆ ಶಾಫ್ಟ್. ಕಣ್ಣಿಗೆ ನೆಟ್ಟಗೇ ಕಾಣುವ ಶಾಫ್ಟ್. ಅಂಗಡಿಯ ನೆಲದ ಮೇಲೆ ಉರುಳಿಸಿದಾಗ ಮಾತ್ರ ಅದು ಸರಾಗವಾಗಿ ಉರುಳದೆ, ಒಂದು ಕಡೆ ಎದ್ದು ಒಂದು ಕಡೆ ಕೂತು ಹೋಯಿತು. ಪೊನಿದಿ ಅದನ್ನು ಕಾಲಿನಿಂದ ತಡೆದು ನಿಲ್ಲಿಸಿ, ಗೋಡೆಗೆ ಎರಡು ಮೊಳೆ ಹೊಡೆದು ಮೇಲೆ ಇಟ್ಟ. ಕೊಳ್ಳಲು ಬುಸಿರಿ ಕೇಳಿದ್ದಾನೆ, ಪೊನಿದಿ ಕೊಟ್ಟಿಲ್ಲ.

ಕಸಿಯಾತಿ ಅಳಿಯನ ಕೈಗೆ ತೆಂಗಿನೆಣ್ಣೆ, ಅರಿಶಿನ ಹಚ್ಚುತ್ತಿದ್ದರು.

‘ಬು,’ ಎಂದ ಇಮ್ರೋನ್. ‘ಮುಂದಿನ ಸಲ ಗೊತ್ತಿಲ್ಲ ಅಂತ ಹೇಳೋದಿದ್ರೆ, ದೋಣಿ ಕಟ್ಟೆಯಲ್ಲಿರುವಾಗಲೇ ಹೇಳಿ.’

‘ಮುಂದಿನ ಸಲ ನೀನು ಕೈಗೆ ಸಿಕ್ಕಿದ್ದು ತಳ್ಳಬೇಡ. ಅಂಕಿ ಓದೋಕೆ ಬರುತ್ತಲ್ಲ?’

‘ಎಂಟರ ತನಕ ಬರುತ್ತೆ.’

‘ಸಾಕು. ಕೆಂಪಿಗೆ ನಾಲ್ಕು.’

ಮಧ್ಯಾಹ್ನದ ಊಟ ಆದ ಮೇಲೆ ಹೊಸ ಶಾಫ್ಟಿನ ಕೆಲಸ ಶುರುವಾಯಿತು. ‘ನಾಲ್ಕು,’ ಎಂದು ಪೊನಿದಿ ಒಳಗಿನಿಂದ ಕೂಗಿದ. ಇಮ್ರೋನ್ ಎಣ್ಣೆ ಹಚ್ಚಿದ ಕೈಯಿಂದ ಹೊರಗಿನಿಂದ ತಳ್ಳಿದ. ಒಳಬಂದ ತುದಿಯನ್ನು ಪೊನಿದಿ ಗರಗಸಕ್ಕೆ ಕೊಡಲಿಲ್ಲ. ಹೆಂಡತಿಯನ್ನು ಕರೆದ. ಕಸಿಯಾತಿ ಗ್ರೈಂಡರ್ ಮುಟ್ಟಿಸಿದರು, ಕಿಡಿ ಬಾಗಿಲವರೆಗೆ ಹಾರಿತು.

‘ಏನು ಕಾಣುತ್ತೆ ಹೇಳು,’ ಎಂದ ಪೊನಿದಿ, ಅಪ್ಪನ ಹಾಗೆ.

‘ಕಣ್ಣಿದೆಯಲ್ಲ, ನೀವೇ ಹೇಳಿ.’

ಅವನು ಬಗ್ಗಿ ನೋಡಿದ. ಸ್ವಲ್ಪ ಹೊತ್ತು ನೋಡಿದ. ‘ಈಟಿ,’ ಎಂದ. ಕಸಿಯಾತಿ ತಲೆಯಾಡಿಸಿದ ಮೇಲೆ ಗರಗಸ ಚಾಲೂ ಆಯಿತು.